ಬಾಯಿಗೆ ಬಾರದ ಬೇನೆಗೆ ಮಾತು ಕೊಟ್ಟ ಡಾಕ್ಟರು

(ಕುಂದಗೋಳದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕುಂದಗೋಳದಲ್ಲಿ ನಿಂತು ಮಾತನಾಡುವವರು ಸಂಗೀತದಿಂದಲೇ ಶುರು ಮಾಡುವುದು ವಾಡಿಕೆ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವರು ಸವಾಯಿ ಗಂಧರ್ವರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು. ಹೆಣ್ಣುಮಗಳೊಬ್ಬಳು ವಿದ್ಯೆಗಾಗಿ ಒಬ್ಬಳೇ ಊರಿಂದೂರಿಗೆ ಓಡಾಡಿದರೆ ಜನ ಏನೆನ್ನುತ್ತಿದ್ದರು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದು ನಾನು ಹೇಳಬೇಕೆಂದಿರುವುದೂ ಜನರ ಮಾತಿಗೆ ಅಂಜದ ಇನ್ನೊಬ್ಬ ಹೆಣ್ಣುಮಗಳ ಕತೆಯೇ. ಆಕೆ ಹಾಡಿದವರಲ್ಲ; ಸ್ಟೆತಾಸ್ಕೋಪು ಹಿಡಿದವರು, ಲೇಖನಿಯನ್ನೂ ಹಿಡಿದವರು. ನಮ್ಮ ಧಾರವಾಡದಲ್ಲಿ ವೈದ್ಯವೃತ್ತಿ ನಡೆಸಿದವರು. ಹೆಸರು ಡಾಕ್ಟರ್ ಅನುಪಮಾ ನಿರಂಜನ.

ನಮ್ಮಲ್ಲಿ ಬಹಳ ಮಂದಿಗೆ ಅವರು ಕಾದಂಬರಿಗಾರ್ತಿಯೆಂದೇ ಪರಿಚಯ. ಪುಟ್ಟಣ್ಣ ಕಣಗಾಲರು 1984ರಲ್ಲಿ ‘ಋಣಮುಕ್ತಳು’ ಸಿನಿಮಾ ತೆಗೆದದ್ದರಿಂದ ಕಾದಂಬರಿ ಓದದವರಿಗೂ ಹೆಸರು ಗೊತ್ತಾಯಿತು. ಮಕ್ಕಳಿದ್ದ ಮನೆಗಳಿಗೆ ‘ದಿನಕ್ಕೊಂದು ಕಥೆ’ಯಿಂದ ಗೊತ್ತು, ತಿಂಗಳಿಗೊಂದರಂತೆ ಹನ್ನೆರಡು ಸಂಪುಟ, ವರ್ಷದ ಪ್ರತಿ ರಾತ್ರಿಗೂ ಒಂದು ಕತೆ. ಸಾಹಿತ್ಯದ ಚರಿತ್ರೆ ಬರೆಯುವವರು ಈ ಪುಸ್ತಕಗಳನ್ನು ಪಟ್ಟಿ ಮಾಡಿ, ಕೊನೆಗೆ ‘ವೈದ್ಯಕೀಯ ಕೃತಿಗಳನ್ನೂ ರಚಿಸಿದ್ದಾರೆ’ ಎಂದು ಒಂದು ಸಾಲು ಸೇರಿಸಿ ಮುಗಿಸುತ್ತಾರೆ. ನಾನು ಆ ಒಂದು ಸಾಲನ್ನೇ ಹಿಡಿದುಕೊಂಡು ಬಂದಿದ್ದೇನೆ. ಅವರ ಬದುಕಿನ ದೊಡ್ಡ ಕೆಲಸ ಅದರಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಸಾಹಿತಿಗಳು ಒಪ್ಪದಿದ್ದರೆ ಜಗಳಕ್ಕೆ ಸಿದ್ಧನಿದ್ದೇನೆ.

ಬದುಕಿನ ವಿವರಗಳನ್ನು ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1934ರ ಮೇ 17ರಂದು, ತೀರ್ಥಹಳ್ಳಿಯಲ್ಲಿ. ತಂದೆತಾಯಿ ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ‘ಚಿರಸ್ಮರಣೆ’ ಬರೆದ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ಗಂಡನಿಗೆ ಪಾರ್ಶ್ವವಾಯು ಬಡಿದಾಗ ಮನೆಯ ಭಾರವನ್ನೂ ಹೊತ್ತರು. ಇದೆಲ್ಲದರ ನಡುವೆ ಹತ್ತಾರು ಪುಸ್ತಕ ಬರೆದರು.

ಅವರು ವೃತ್ತಿಗೆ ಇಳಿದ ಕಾಲ ಎಂಥದ್ದೆಂದು ಇಂದಿನ ತರುಣರಿಗೆ ಊಹಿಸುವುದು ಕಷ್ಟ. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 32 ವರ್ಷ. ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 146 ಕೂಸುಗಳು ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. ಮನೆಗೊಂದು ಕೂಸು ಮಣ್ಣಿಗೆ ಹೋಗುವುದನ್ನು ಜನ ದೈವದ ಲೆಕ್ಕಕ್ಕೆ ಬರೆದುಬಿಟ್ಟಿದ್ದರು. ನಮ್ಮ ಸೀಮೆಯಲ್ಲಂತೂ ಡಾಕ್ಟರನ್ನು ತಯಾರು ಮಾಡುವ ಕಾಲೇಜೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಅದಕ್ಕೆ ಮೊದಲು ಈ ಕಡೆಯ ಹುಡುಗ ಡಾಕ್ಟರಾಗಬೇಕೆಂದರೆ ಪುಣೆಗೋ ಮುಂಬಯಿಗೋ ಮೈಸೂರಿಗೋ ಹೋಗಬೇಕಾಗಿತ್ತು. ಹುಡುಗಿಯ ಮಾತು ದೂರವೇ ಉಳಿಯಿತು.

ಹೆಣ್ಣು ಡಾಕ್ಟರು ಎಂದರೆ ಅಪರೂಪ ಎಂದಷ್ಟೇ ಹೇಳಿದರೆ ಸಾಲದು. ಹೆಣ್ಣು ಡಾಕ್ಟರು ಇಲ್ಲದಿದ್ದರೆ ಹೆಣ್ಣು ರೋಗಿಯೂ ಇಲ್ಲ. ನಮ್ಮ ಕಡೆಯ ಹೆಣ್ಣುಮಗಳು ಗಂಡಸು ಡಾಕ್ಟರ ಮುಂದೆ ಕುಳಿತು ಏನು ಹೇಳುತ್ತಿದ್ದಳು? ‘ಮೈಯಾಗ ಅರಾಮಿಲ್ಲರಿ.’ ಅಷ್ಟೇ. ಅದನ್ನೂ ಎಷ್ಟೋ ಸಲ ಅವಳ ಪರವಾಗಿ ಅತ್ತೆಯೋ ಗಂಡನೋ ಹೇಳುತ್ತಿದ್ದರು. ಆ ‘ಅರಾಮಿಲ್ಲ’ ಎಂಬ ಒಂದು ಶಬ್ದದೊಳಗೆ ಎಲ್ಲ ಬೇನೆಗಳೂ ಮುದುರಿ ಕುಳಿತಿರುತ್ತಿದ್ದವು. ಮುಟ್ಟು ನಿಲ್ಲದೆ ಹರಿಯುವುದು, ಬಿಳಿಸೆರಗು, ಗರ್ಭಕೋಶ ಜಾರುವುದು, ಮೇಲಿಂದ ಮೇಲೆ ಬಸಿರು ಇಳಿಯುವುದು, ಎದೆಯಲ್ಲಿ ಕೈಗೆ ಸಿಕ್ಕ ಗಂಟು. ಡಾಕ್ಟರು ನಾಡಿ ನೋಡಿ, ಕಣ್ಣರೆಪ್ಪೆ ಎಳೆದು, ‘ರಕ್ತ ಕಡಿಮೆ ಆಗೇತಿ’ ಎಂದು ಒಂದು ಬಾಟಲಿ ಟಾನಿಕ್ಕು ಬರೆದುಕೊಟ್ಟರೆ ಮುಗಿಯಿತು. ಅವರದು ತಪ್ಪೆಂದು ನಾನು ಹೇಳುವುದಿಲ್ಲ. ಕೇಳದೆ ಬಂದ ಉತ್ತರಕ್ಕೆ ಅವರಾದರೂ ಏನು ಮಾಡಬೇಕು?

ಮಾತೇ ಇರಲಿಲ್ಲವೇ ಎಂದರೆ, ಇತ್ತು. ಹೆಂಗಸರು ತಮ್ಮತಮ್ಮಲ್ಲಿ ಆಡುವ ಮಾತು ಇತ್ತು. ‘ಕಡಿಗಾಗ್ಯಾಳ’, ‘ದಿನ ತುಂಬ್ಯಾವ’, ‘ನಂಜು ಏರೇತಿ’ ಎಂಬವೆಲ್ಲ ಅರ್ಥ ತುಂಬಿದ ಶಬ್ದಗಳೇ. ಆದರೆ ಅವು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇತ್ತ ಡಾಕ್ಟರುಗಳಲ್ಲಿಯೂ ಒಂದು ಭಾಷೆ ಇತ್ತು, ಅದು ಇಂಗ್ಲಿಷು ಮತ್ತು ಲ್ಯಾಟಿನ್ನಿನ ಕಲಸುಮೇಲೋಗರ. ಇವೆರಡರ ನಡುವೆ ಸೇತುವೆ ಇರಲಿಲ್ಲ. ಮುದ್ರಿತ ಕನ್ನಡದಲ್ಲಿ ಹೆಣ್ಣಿನ ಮೈಯ ಬಗ್ಗೆ ಬರೆಯಬೇಕೆಂದರೆ ಕಾವ್ಯದ ಅಲಂಕಾರ ಸಿಗುತ್ತಿತ್ತು, ಇಲ್ಲವೆ ಪೋಲಿ ಪುಸ್ತಕದ ಭಾಷೆ ಸಿಗುತ್ತಿತ್ತು. ಬಸಿರಿ ಎಂಟನೆಯ ತಿಂಗಳಲ್ಲಿ ಪಾದ ಊದಿಕೊಂಡರೆ ಏನು ಮಾಡಬೇಕೆಂದು ತಿಳಿಸುವ ಸಭ್ಯವಾದ, ಸರಳವಾದ ಕನ್ನಡ ಸಿಗುತ್ತಿರಲಿಲ್ಲ.

ಅನುಪಮಾ ಅವರು ಕಟ್ಟಿದ್ದು ಈ ಸೇತುವೆಯನ್ನು. ‘ತಾಯಿ-ಮಗು’ ಬಸಿರು, ಬಾಣಂತನ, ಕೂಸಿನ ಆರೈಕೆಯ ಪುಸ್ತಕ. ‘ಕೇಳು ಕಿಶೋರಿ’ ದೊಡ್ಡವಳಾಗುತ್ತಿರುವ ಹುಡುಗಿಗೆ. ‘ವಧುವಿಗೆ ಕಿವಿಮಾತು’ ಮದುವೆಯ ಹೊಸ್ತಿಲಲ್ಲಿರುವವಳಿಗೆ. ‘ದಾಂಪತ್ಯ ದೀಪಿಕೆ’ ಸಂಸಾರ ನಡೆಸುತ್ತಿರುವವರಿಗೆ. ಹೆಸರುಗಳನ್ನೇ ಸ್ವಲ್ಪ ಗಮನಿಸಿ. ‘ಕೇಳು’ ಎಂದು ಏಕವಚನದಲ್ಲಿ ಕರೆಯುವುದು, ‘ಕಿವಿಮಾತು’ ಎನ್ನುವುದು ಪಾಠದ ಧಾಟಿಯಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು ಹೇಳುವ ಅಕ್ಕನ ಧಾಟಿ. ಮದುವೆಗೆ ಸ್ಟೀಲಿನ ಪಾತ್ರೆ ಉಡುಗೊರೆ ಕೊಡುತ್ತಿದ್ದ ಕಾಲದಲ್ಲಿ ‘ವಧುವಿಗೆ ಕಿವಿಮಾತು’ ಕೂಡ ಉಡುಗೊರೆಯಾಯಿತು. ಬಣ್ಣದ ಕಾಗದದಲ್ಲಿ ಸುತ್ತಿಕೊಟ್ಟ ಆ ಪುಸ್ತಕವನ್ನು ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ ಬಚ್ಚಿಟ್ಟು ಓದಿದವರು ಈ ಸಭೆಯಲ್ಲಿಯೂ ಇರಬಹುದು. ಕೈ ಎತ್ತಬೇಕಾಗಿಲ್ಲ.

ಇಂಥ ಪುಸ್ತಕ ಬರೆಯುವುದು ಎಷ್ಟು ಧೈರ್ಯದ ಕೆಲಸವೆಂದು ತಿಳಿಯಲು ನೆರೆಯ ಮರಾಠಿಯ ಒಂದು ಉದಾಹರಣೆ ಸಾಕು. ರಘುನಾಥ ಧೋಂಡೋ ಕರ್ವೆಯವರು 1927ರಲ್ಲಿ ಮುಂಬಯಿಯಲ್ಲಿ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಪತ್ರಿಕೆ ತೆಗೆದರು. ಸಂತಾನ ನಿಯಂತ್ರಣ, ಗುಹ್ಯರೋಗ, ದಾಂಪತ್ಯದ ಆರೋಗ್ಯ ಇವೇ ಅದರ ವಿಷಯ. ಅಶ್ಲೀಲವೆಂದು ಅವರನ್ನು ಕೋರ್ಟಿಗೆಳೆದರು; ಒಂದು ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾಕ್ಟರ್ ಬಾಬಾಸಾಹೇಬ ಅಂಬೇಡ್ಕರರು. ಪತ್ರಿಕೆ 1953ರಲ್ಲಿ, ಕರ್ವೆಯವರ ಜೊತೆಗೇ ಮುಗಿಯಿತು. ಕನ್ನಡ ನಾಡಿನಲ್ಲಿ ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರಕಾರವೊಂದು ಇಂಥದ್ದನ್ನು ಮಾಡಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಆದರೆ ಚಿಕಿತ್ಸಾಲಯದ ಬಾಗಿಲು ತೆರೆದ ಮಾತ್ರಕ್ಕೆ ಹೆಂಗಸರು ಒಳಗೆ ಬರುವುದಿಲ್ಲ. ಏನು ಕೇಳಬೇಕೆಂಬುದನ್ನು ಮೊದಲು ಯಾರಾದರೂ ಅವರಿಗೆ ಮನೆಯಲ್ಲಿಯೇ ಹೇಳಿಕೊಟ್ಟಿರಬೇಕು. ಪುಸ್ತಕ ಮಾಡಬಲ್ಲ ಕೆಲಸ ಅದು. ಅಮೆರಿಕದಲ್ಲಿ ಡಾಕ್ಟರ್ ಸ್ಪಾಕ್ ಎಂಬವರು 1946ರಲ್ಲಿ ಮಕ್ಕಳ ಆರೈಕೆಯ ಪುಸ್ತಕ ಬರೆದು ಒಂದು ತಲೆಮಾರಿನ ತಾಯಂದಿರಿಗೆ ಹಿರಿಯಜ್ಜನಂತಾದರು. ಬಾಸ್ಟನ್ನಿನ ಹೆಂಗಸರ ಗುಂಪೊಂದು ತಮ್ಮ ಮೈಯ ಬಗ್ಗೆ ತಾವೇ ಪುಸ್ತಕ ಬರೆದುಕೊಂಡದ್ದು 1970ರ ಸುಮಾರಿಗೆ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದವರು ಹೀಗೆ ಒಂದೇ ಕೆಲಸಕ್ಕೆ ಕೈ ಹಾಕಿದ್ದರು.

ಕನ್ನಡದಲ್ಲಿ ಅನುಪಮಾ ಒಂಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ‘ಕೊರವಂಜಿ’ ನಡೆಸಿದ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆದರು. ಅವರ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಅವರ ಆಯುಧ ನಗೆ. ಅನುಪಮಾ ಅವರ ಬರವಣಿಗೆಯಲ್ಲಿ ನಗೆ ಕಡಿಮೆ, ಅವಸರ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ಅವರ ಸಮಕಾಲೀನ ಲೇಖಕಿ ತ್ರಿವೇಣಿಯವರು ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣಿನ ಕತೆಯನ್ನು ‘ಶರಪಂಜರ’ದಲ್ಲಿ ಬರೆದವರು. 1963ರಲ್ಲಿ ಸ್ವತಃ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೈದೂ ತುಂಬಿರಲಿಲ್ಲ. ಓದಿದವರು, ಮೈಸೂರಿನಂಥ ಊರಿನಲ್ಲಿದ್ದವರು, ನಾಡೆಲ್ಲ ಓದುವ ಲೇಖಕಿ. ಅಂಥವರಿಗೇ ಹೀಗಾದರೆ ಎರೆಹೊಲದಲ್ಲಿ ಹತ್ತಿ ಬಿಡಿಸುತ್ತ, ಮೆಣಸಿನಕಾಯಿ ಹರಿಯುತ್ತ ದಿನ ತುಂಬಿಸಿಕೊಳ್ಳುವವರ ಪಾಡೇನು?

ಬಾಣಂತಿಯರು ಸಾಯುವುದು ಹೇಗೆಂದು ವಿವರಿಸುವ ಒಂದು ಲೆಕ್ಕಾಚಾರವಿದೆ. 1994ರಲ್ಲಿ ಥಡ್ಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದ್ವಾಂಸರು ಅದನ್ನು ‘ಮೂರು ತಡ’ಗಳೆಂದು ಕರೆದರು. ದವಾಖಾನೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ತಡ ಮೊದಲನೆಯದು. ಅಲ್ಲಿಗೆ ಮುಟ್ಟುವುದರಲ್ಲಿ ಆಗುವ ತಡ ಎರಡನೆಯದು. ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಆಗುವ ತಡ ಮೂರನೆಯದು. ಎರಡನೆಯ ತಡಕ್ಕೆ ರಸ್ತೆ ಬೇಕು, ಗಾಡಿ ಬೇಕು. ನಮ್ಮ ರಾಜ್ಯದಲ್ಲಿ 2008ರಲ್ಲಿ 108 ಆಂಬುಲೆನ್ಸ್ ಬಂದು ಅದಕ್ಕೆ ಬಹಳ ಮಟ್ಟಿಗೆ ಉತ್ತರ ಕೊಟ್ಟಿತು. ಮೂರನೆಯದಕ್ಕೆ ಡಾಕ್ಟರು, ರಕ್ತ, ಶಸ್ತ್ರಚಿಕಿತ್ಸೆಯ ಕೋಣೆ ಬೇಕು. ಅದು ಸರಕಾರದ ಹಣದ ಮಾತು. ಆದರೆ ಮೊದಲನೆಯ ತಡ ಆಗುವುದು ಮನೆಯೊಳಗೆ. ರಕ್ತ ಹೋಗುತ್ತಿರುವುದು ಸಹಜವೋ ಅಪಾಯವೋ ಎಂದು ಗೊತ್ತಿಲ್ಲದ್ದರಿಂದ, ಗೊತ್ತಿದ್ದರೂ ಬಾಯಿ ಬಿಟ್ಟು ಹೇಳಲಾರದ್ದರಿಂದ, ಹೇಳಿದರೂ ಮಾವ ಹೊಲದಿಂದ ಬರಲಿ ಎಂದು ಕಾಯುವುದರಿಂದ. ಈ ಮೊದಲ ತಡದ ಮೇಲೆ ಅನುಪಮಾ ಅವರು ದಶಕಗಳಷ್ಟು ಮೊದಲೇ ಕೈ ಇಟ್ಟಿದ್ದರು.

ಕೂಸುಗಳ ವಿಷಯವೂ ಹಾಗೆಯೇ. ಹೊಕ್ಕುಳಬಳ್ಳಿಯನ್ನು ಮನೆಯಲ್ಲಿದ್ದ ಕುಡಗೋಲಿನಿಂದ ಕತ್ತರಿಸಿ ಬೂದಿ ಹಚ್ಚುವ ಪದ್ಧತಿ ಎಷ್ಟೋ ಕಡೆ ಇತ್ತು. ಏಳೆಂಟು ದಿನಕ್ಕೆ ಕೂಸು ಮೊಲೆ ಬಿಡುತ್ತಿತ್ತು, ಮೈ ಬಿಲ್ಲಿನಂತೆ ಬಾಗುತ್ತಿತ್ತು. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುತ್ತಿದ್ದರು. ಅದು ಧನುರ್ವಾಯು. ಬಸಿರಿಯ ತೋಳಿಗೆ ಲಸಿಕೆ, ಹೊಕ್ಕುಳಿಗೆ ಕುದಿಸಿದ ಬ್ಲೇಡು, ಇಷ್ಟರಿಂದ ತಡೆಯಬಹುದಾದ ಸಾವು. ತಾಯಿ-ಕೂಸುಗಳ ಧನುರ್ವಾಯುವನ್ನು ಭಾರತ ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಹೆರಿಗೆಯ ಬೆನ್ನಿಗೆ ಬರುವ ಗಟ್ಟಿ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆ ನೀರು ನೆಕ್ಕಿಸುವುದು ಇನ್ನೊಂದು ರೂಢಿ. ಎಮ್ಮೆಯ ಗಿಣ್ಣವನ್ನು ಬೆಲ್ಲ ಹಾಕಿ ಬಾಯಿ ಚಪ್ಪರಿಸಿ ತಿನ್ನುವ ನಾವು ನಮ್ಮ ಕೂಸಿನ ಗಿಣ್ಣವನ್ನು ಮಾತ್ರ ಮೋರಿಗೆ ಚೆಲ್ಲುತ್ತಿದ್ದೆವು!

ಇಲ್ಲಿ ಅವರ ಕಾದಂಬರಿಯೊಂದರ ಕಡೆಗೂ ಹೋಗಿಬರಬೇಕು. ‘ಮಾಧವಿ’. ಕತೆ ಮಹಾಭಾರತದ ಉದ್ಯೋಗಪರ್ವದ್ದು. ಗಾಲವನೆಂಬ ಶಿಷ್ಯ ಗುರುದಕ್ಷಿಣೆ ಕೊಡುತ್ತೇನೆಂದು ಹಟ ಹಿಡಿಯುತ್ತಾನೆ. ಬೇಸತ್ತ ವಿಶ್ವಾಮಿತ್ರ, ಒಂದು ಕಿವಿ ಮಾತ್ರ ಕಪ್ಪಾಗಿರುವ ಎಂಟುನೂರು ಬಿಳಿ ಕುದುರೆ ತಾ ಎನ್ನುತ್ತಾನೆ. ಗಾಲವ ಯಯಾತಿಯ ಹತ್ತಿರ ಬೇಡುತ್ತಾನೆ. ಯಯಾತಿಯ ಬಳಿ ಕುದುರೆ ಇಲ್ಲ, ಮಗಳಿದ್ದಾಳೆ, ಮಗಳನ್ನೇ ಕೊಟ್ಟುಬಿಡುತ್ತಾನೆ. ಅಯೋಧ್ಯೆಯ ರಾಜ ಇನ್ನೂರು ಕುದುರೆ ಕೊಟ್ಟು ಅವಳಲ್ಲಿ ಒಬ್ಬ ಮಗನನ್ನು ಪಡೆಯುತ್ತಾನೆ. ಆಮೇಲೆ ಕಾಶಿಯ ರಾಜ, ಆಮೇಲೆ ಭೋಜನಗರದ ಉಶೀನರ. ಉಳಿದ ಇನ್ನೂರಕ್ಕೆ ಬದಲಾಗಿ ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಂಡು ಮತ್ತೊಬ್ಬ ಮಗನನ್ನು ಪಡೆಯುತ್ತಾನೆ. ಪ್ರತಿ ಹೆರಿಗೆಯ ನಂತರವೂ ಅವಳು ಮತ್ತೆ ಕನ್ಯೆಯಾಗುತ್ತಾಳೆಂದು ಪುರಾಣ ವರ ಕೊಟ್ಟು ಕೈ ತೊಳೆದುಕೊಂಡಿದೆ. ಕೊನೆಗೆ ಸ್ವಯಂವರ ಏರ್ಪಡಿಸಿದರೆ ಅವಳು ಎಲ್ಲ ರಾಜರನ್ನೂ ದಾಟಿ ಕಾಡನ್ನು ವರಿಸುತ್ತಾಳೆ. ಪಂಡಿತರು ಈ ಕತೆಯಲ್ಲಿ ಗುರುಭಕ್ತಿ, ದಾನ, ಧರ್ಮಸೂಕ್ಷ್ಮ ಎಲ್ಲವನ್ನೂ ಕಂಡಿದ್ದಾರೆ. ಹೆರಿಗೆ ಮಾಡಿಸುವ ಡಾಕ್ಟರಿಗೆ ಕಾಣುವುದು ಬೇರೆ. ಮೇಲಿಂದ ಮೇಲೆ ನಾಲ್ಕು ಬಸಿರು, ನಾಲ್ಕು ಬಾಣಂತನ, ನಾಲ್ಕು ಸಲ ಮೊಲೆಯಿಂದ ಕಿತ್ತುಕೊಂಡ ಕೂಸು. ಮೈ ಮತ್ತೆ ಮೊದಲಿನಂತಾಗುವ ವರ ಯಾವ ಬಾಣಂತಿಗೂ ಸಿಕ್ಕಿಲ್ಲವೆಂದು ಡಾಕ್ಟರಿಗೆ ಗೊತ್ತು. ಅನುಪಮಾ ಈ ಕತೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ‘ತಾಯಿ-ಮಗು’ವನ್ನೂ ‘ಮಾಧವಿ’ಯನ್ನೂ ಬೇರೆ ಬೇರೆ ಕಪಾಟಿನಲ್ಲಿಡುವ ನಮ್ಮ ವಾಚನಾಲಯಗಳು ಎರಡನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಬೇಕು.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಕಿವಿಮಾತು ವಧುವಿಗೆ ಮಾತ್ರ ಯಾಕೆ? ವರನಿಗೆ ಕಿವಿ ಇಲ್ಲವೇ? ಆ ಕಾಲಕ್ಕೆ ವಧುವನ್ನು ಮುಟ್ಟಿದ್ದೇ ದೊಡ್ಡದೆಂದು ಉತ್ತರ ಕೊಡಬಹುದು, ಅದು ನಿಜವೂ ಹೌದು. ಆದರೆ ಅಂದಿನಿಂದ ಇಂದಿನವರೆಗೂ ಹೇಳುವುದೆಲ್ಲ ಹೆಂಗಸಿಗೇ, ಮಾಡಿಸಿಕೊಳ್ಳುವುದೆಲ್ಲ ಹೆಂಗಸೇ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರು ನೂರಕ್ಕೆ ಒಬ್ಬರೂ ಇಲ್ಲ. ಗಂಡಸಿನ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ, ಅಪಾಯವೂ ಕಡಿಮೆ, ಹೊಟ್ಟೆ ಕೊಯ್ಯಬೇಕಾಗಿಲ್ಲ. ಆದರೂ ‘ಅಂವಾ ದುಡಿಯಾಂವ’ ಎಂಬ ಒಂದೇ ಮಾತಿಗೆ ಎಲ್ಲವೂ ನಿಂತುಬಿಡುತ್ತದೆ. ಬೆಳಗಿನಿಂದ ಬೈಗಿನವರೆಗೆ ಕಳೆ ಕೀಳುವವಳು ದುಡಿಯುವವಳಲ್ಲವೋ ಏನೋ!

ಅದೇ ಸಮೀಕ್ಷೆಯ ಇನ್ನೆರಡು ಅಂಕಿಗಳು. ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇಪ್ಪತ್ತರ ಮೊದಲ ವರ್ಷಗಳಲ್ಲಿರುವ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮುಚ್ಚಿಡಬಾರದು. 2001ರಿಂದ 2003ರ ಅವಧಿಯಲ್ಲಿ ಕರ್ನಾಟಕದಲ್ಲಿ ಲಕ್ಷ ಹೆರಿಗೆಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಅವಧಿಗೆ ಅದು 69ಕ್ಕೆ ಇಳಿದಿತ್ತು. 2005ರ ನಂತರ ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರ ಕಾಲಿನ ಸವೆತ ಈ ಇಳಿಕೆಯಲ್ಲಿದೆ. ಅವರು ಮಾಡುವುದೂ ಅದೇ ಕೆಲಸವೇ. ಅಡುಗೆಮನೆಯ ಮಾತನ್ನು ದವಾಖಾನೆಗೆ ಮುಟ್ಟಿಸುವುದು, ದವಾಖಾನೆಯ ಮಾತನ್ನು ಅಡುಗೆಮನೆಗೆ ತರುವುದು.

ಫ್ಯಾಮಿಲಿ ಡಾಕ್ಟರು ಎಂಬ ಶಬ್ದ ಈಗ ಹಳತಾಗುತ್ತಿದೆ. ಅತ್ತೆಯ ಸಕ್ಕರೆ ಕಾಯಿಲೆ, ಸೊಸೆಯ ಬಸಿರು, ಮೊಮ್ಮಗನ ಕೆಮ್ಮು ಮೂರನ್ನೂ ಬಲ್ಲವರು, ಮನೆಯಲ್ಲಿ ಜಗಳವಾಗಿದ್ದರೆ ಮುಖ ನೋಡಿಯೇ ತಿಳಿಯುವವರು ಅವರು. ಇಂದು ಹುಬ್ಬಳ್ಳಿಗೆ ಹೋದರೆ ಮೂಳೆಗೆ ಒಬ್ಬರು, ಹೃದಯಕ್ಕೆ ಒಬ್ಬರು, ಕಿವಿಗೆ ಇನ್ನೊಬ್ಬರು. ಜ್ಞಾನ ಬೆಳೆದಿದೆ, ಬೇಡವೆನ್ನಲಾಗದು. ಆದರೆ ‘ಮೈಯಾಗ ಅರಾಮಿಲ್ಲ’ ಎಂದವಳನ್ನು ಯಾವ ಬಾಗಿಲಿಗೆ ಕಳಿಸಬೇಕು? ಅತ್ತೆಯನ್ನು ಹೊರಗೆ ಕೂಡಿಸಿ, ಬಾಗಿಲು ಮುಂದೆ ಮಾಡಿ, ‘ಈಗ ಹೇಳವಾ’ ಎಂದು ಕಾಯುವ ಐದು ನಿಮಿಷ ಯಾವ ಸ್ಕ್ಯಾನಿಂಗಿನ ಬಿಲ್ಲಿನಲ್ಲಿಯೂ ಬರುವುದಿಲ್ಲ.

ಅನುಪಮಾ ನಿರಂಜನರು 1991ರ ಫೆಬ್ರುವರಿ 15ರಂದು ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 56. ನಿರಂಜನರು ಮರುವರ್ಷ ಮಾರ್ಚಿಯಲ್ಲಿ ಹೋದರು. ಅನುಪಮಾ ಅವರ ಆತ್ಮಕಥೆಯ ಹೆಸರು ‘ನೆನಪು: ಸಿಹಿ-ಕಹಿ’. ಕರ್ನಾಟಕ ಲೇಖಕಿಯರ ಸಂಘ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತ ಬಂದಿದೆ.

ಅವರನ್ನು ಒಯ್ದ ರೋಗದ ಬಗ್ಗೆ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಇಂದು ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರು, ಅದರ ಹಿಂದೆಯೇ ಗರ್ಭಕೋಶದ ಕೊರಳಿನದು. ಎರಡೂ ಬೇಗ ಸಿಕ್ಕರೆ ಗುಣವಾಗುವಂಥವು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ಮೂವತ್ತು ದಾಟಿದ ಎಲ್ಲರಿಗೂ ಬಾಯಿ, ಸ್ತನ, ಗರ್ಭಕೋಶದ ಕೊರಳು ಇವುಗಳ ತಪಾಸಣೆ ಸರಕಾರಿ ದವಾಖಾನೆಯಲ್ಲಿ ಆಗಬೇಕೆಂದು 2016ರಲ್ಲಿಯೇ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿದೆ. ಆದರೆ ಆ ಸಮೀಕ್ಷೆಯ ಹೊತ್ತಿಗೆ ಇಂಥ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ದೇಶದಲ್ಲಿ ನೂರು ಹೆಂಗಸರಿಗೆ ಇಬ್ಬರೂ ಇರಲಿಲ್ಲ. ಗಂಟು ನೋಯುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ನೋಯಲು ಶುರುವಾದಾಗ ಹೇಳಲು ನಾಚಿಕೆ. ಹೇಳುವ ಹೊತ್ತಿಗೆ ಅದು ಕಂಕುಳಿಗೆ ಇಳಿದಿರುತ್ತದೆ. ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಮೂವತ್ತು ದಾಟಿದವರು ನಾಳೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ತಪಾಸಣೆ ಯಾವ ದಿನ, ಎಲ್ಲಿ ಎಂದು. ಗಂಡಸರು ಅವತ್ತು ಒಂದು ಹೊತ್ತಿನ ಒಲೆ ಹಚ್ಚಿಕೊಳ್ಳಿ.